ಅಂಗೈಯಲ್ಲಿ ಅಳೆದ ಚರ್ಮ

ಬಾಗಿಲ ಆಚೆ ಕೂತಿರುವ ಅಪ್ಪನಿಗೆ,

ಮೊನ್ನೆಯಿಂದ ನಿನ್ನ ಕೋಣೆಯ ಬಾಗಿಲು ಊಟದ ತಟ್ಟೆಗೆ ಮಾತ್ರ ಬಾಯಿಬಿಡುತ್ತಿದೆ. ಕೂಗಿ ಹೇಳಿದರೆ ಪಕ್ಕದ ಮನೆಯವರಿಗೂ ಕೇಳುತ್ತದೆ ಎಂದು ಬರೆಯುತ್ತಿದ್ದೇನೆ. ಶಾಲೆ ಅರ್ಧಕ್ಕೆ ಬಿಟ್ಟವಳ ಅಕ್ಷರ, ಹೇಗೋ ಹೊಂದಿಸಿಕೊಂಡು ಓದು. ನಾಡಿದ್ದು ಮರುತಪಾಸಣೆ. ನಿನ್ನ ಅಂಗವೈಕಲ್ಯದ ಪ್ರಮಾಣ ಈಗ ಬರೆದಿರುವುದಕ್ಕಿಂತ ಹೆಚ್ಚು ಎಂದು ವೈದ್ಯರ ಮಂಡಳಿ ಒಪ್ಪಿದರೆ ಮಾತ್ರ ಸೇನೆಯ ಆಸ್ಪತ್ರೆಯಲ್ಲಿ ನಿನ್ನ ಚರ್ಮರೋಗಕ್ಕೆ ಆ ದುಬಾರಿ ಇಂಜೆಕ್ಷನ್ ಸಿಗುತ್ತದೆ. ಹೋಗದಿದ್ದರೆ ಅದು ಇನ್ನೆಂದಿಗೂ ಇಲ್ಲ. ನೀನು ಹೋಗುವುದಿಲ್ಲ ಎಂದು ಚಿಲಕ ಹಾಕಿಕೊಂಡಿದ್ದೀಯ.

ಮೊದಲ ತಪಾಸಣೆಯ ದಿನ ನೆನೆದರೆ ಈಗಲೂ ನನ್ನ ಬಾಯಿ ಕಹಿಯಾಗುತ್ತದೆ. ಅಧಿಕಾರಿಗಳ ಮುಂದೆ ಹೇಗೆಂದರೆ ಹಾಗೆ ನಿಲ್ಲಬಾರದು ಎಂದು ನೀನು ಬೆಳಿಗ್ಗೆಯೇ ಬಿಸಿನೀರಿನಲ್ಲಿ ಕೂತು, ತೋಳು, ಮೊಣಕಾಲು, ಹೊಟ್ಟೆಯ ಮೇಲೆ ಚರ್ಮ ಸುಲಿದು ಏಳುವ ಹೊಟ್ಟನ್ನೆಲ್ಲ ಕಲ್ಲಿನಿಂದ ಉಜ್ಜಿ ತೆಗೆದೆ. ನಿನ್ನ ಕೈಗೆಟುಕದ ಬೆನ್ನಿಗೆ ಅಮ್ಮ ಎಣ್ಣೆ ಹಚ್ಚಿದಳು. ರಕ್ತ ಜಿನುಗಿದ ಕಡೆ ಪೌಡರು. ನುಣ್ಣಗೆ ಬೋಳಿಸಿದ ಗಡ್ಡ, ಮುಖ ಕಾಣುವಂಥ ಬೂಟು, ಗರಿಗರಿ ತುಂಬುತೋಳಿನ ಅಂಗಿ. ಪರೇಡಿಗೆ ಹೊರಟ ಹಾಗೆ ಹೊರಟೆ. ರೋಗ ತೋರಿಸಲು ಹೋಗುವವನು ರೋಗವನ್ನು ಬಚ್ಚಲಲ್ಲಿ ತೊಳೆದುಬಿಟ್ಟು ಹೋದದ್ದನ್ನು ಯಾರಾದರೂ ಕೇಳಿದ್ದಾರೆಯೇ?

ನಿನ್ನ ಜೊತೆ ಬಂದು ನಿಂತಿದ್ದ ಆ ತಪಾಸಣೆಯ ಕೋಣೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಪ್ಲಾಸ್ಟಿಕ್ ಪರದೆ, ಮಂಚದ ಮೇಲೆ ಹಾಸಿದ ಬಿಳಿ ಕಾಗದ, ಫಿನಾಯಿಲ್ ವಾಸನೆ. ಕೈಗವಸು ಹಾಕಿಕೊಂಡಿದ್ದರೂ ಡಾಕ್ಟರು ನಿನ್ನನ್ನು ಮುಟ್ಟಲಿಲ್ಲ. ಒಂದು ಅಂಗೈ ಅಗಲದ ಚರ್ಮ ಅಂದರೆ ಮೈಯ ನೂರರಲ್ಲಿ ಒಂದು ಪಾಲಂತೆ. ಹಾಯುವ ಹಸುವಿನ ಬೆನ್ನು ದೂರದಿಂದ ಸವರುವವನ ಹಾಗೆ ಗಾಳಿಯಲ್ಲೇ ಅಂಗೈ ಆಡಿಸಿ ಅಳೆದ. ಹೇಗಿದ್ದೀರಿ ಎಂದು ಕೇಳಿದ. ನೀನು ಎದೆ ಸೆಟೆಸಿ, "ಚೆನ್ನಾಗಿದ್ದೀನಿ ಸರ್" ಅಂದೆ. ಅವನು ಗುಮಾಸ್ತನ ಕಡೆ ತಿರುಗಿ, "ಸ್ವಲ್ಪ ಕೆಂಪಿದೆ ಅಷ್ಟೇ. ಒಣ ಚರ್ಮ ಅಂತ ಬರ್ಕೊಳ್ಳಿ" ಅಂದ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಆ ಮಹಾರಾಯನಿಗೆ ಕನ್ನಡಿ ಹಿಡಿದರೂ ಕಾಣುತ್ತಿರಲಿಲ್ಲ.

ನೀನು ಎದ್ದ ಮೇಲೆ ಕಾಗದದ ತುಂಬ ಹೊಟ್ಟು ಉದುರಿತ್ತು. ಅಷ್ಟು ಉಜ್ಜಿದರೂ ಉಳಿದದ್ದು. ಅಲ್ಲಿನ ಆಯಾ ಮೂಗು ಸಿಂಡರಿಸಿಕೊಂಡು, ಎರಡು ಬೆರಳ ತುದಿಯಲ್ಲಿ ಆ ಕಾಗದ ಎತ್ತಿ ಕಸದ ಬುಟ್ಟಿಗೆ ಹಾಕಿದಳು. ಯಾರೂ ನೋಡದ ನಿನ್ನ ರೋಗ ಆ ಬುಟ್ಟಿಯಲ್ಲಿತ್ತು, ಅಪ್ಪ. ನೀನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಅವಳಿಗೆ ಥ್ಯಾಂಕ್ಸ್ ಹೇಳಿದೆ.

ಸೇನೆಯ ಗ್ಯಾರೇಜಿನಲ್ಲಿ ಇಂಜಿನ್ ತೊಳೆಯುವ ಎಣ್ಣೆಯ ಪೀಪಾಯಿಗೆ ಮೊಣಕೈವರೆಗೆ ನಿನ್ನ ಕೈ ಅದ್ದಿಸಿದವರು ಅವರೇ. ಇದು ಹತ್ತಿಕೊಂಡದ್ದು ಅಲ್ಲೇ. ಈಗ ಹಾಸಿಗೆ ಬಟ್ಟೆ ಬೆನ್ನಿಗೆ ಅಂಟಿ, ಬೆಳಿಗ್ಗೆ ನೀರು ಚಿಮುಕಿಸಿ ಬಿಡಿಸಿಕೊಳ್ಳುವುದಕ್ಕೆ ಎಷ್ಟು ಅಂಗೈ? ಕ್ಷೌರದ ಅಂಗಡಿಯವನು ನಿನ್ನನ್ನು ಕಂಡೊಡನೆ ಕುರ್ಚಿ ಖಾಲಿಯಿಲ್ಲ ಎನ್ನುವುದಕ್ಕೆ ಎಷ್ಟು? ನಾನು ಸೈಕಲ್ ರಿಪೇರಿ ಅಂಗಡಿಯಿಂದ ಕೈತುಂಬ ಗ್ರೀಸ್ ಬಳಿದುಕೊಂಡು ಬಂದರೆ ದುಡಿಯುವ ಹುಡುಗಿ ಎಂದು ಹೊಗಳುತ್ತಾರೆ. ನಿನ್ನ ದುಡಿಮೆಯ ಗುರುತು ಮಾತ್ರ ಕೊಳಕಂತೆ.

ಇನ್ನು ಚಿಕ್ಕಪ್ಪ. ಮೊನ್ನೆ ಬಂದವನು ಕರ್ಚೀಫಿನಿಂದ ಕುರ್ಚಿ ಒರೆಸಿಕೊಂಡು ಕೂತು, "ತಪಾಸಣೆ ಮುಂದಕ್ಕೆ ಹಾಕ್ಸೋಣ ಅಣ್ಣಾ. ಅಲ್ಲೀವರೆಗೂ ಮುಲಾಮು ಮುಟ್ಬೇಡ. ಚೆನ್ನಾಗಿ ಹಣ್ಣಾಗ್ಲಿ, ಆಮೇಲೆ ತೋರ್ಸು. ಲೋಕ ಇರೋದೇ ಹಾಗೆ" ಅಂದ. "ನನ್ನ ಮೈ ಏನು ಹುಲ್ಲಲ್ಲಿಟ್ಟ ಬಾಳೆಗೊನೆಯೇನೋ?" ಎಂದು ನೀನು ಕೇಳಿದಾಗ ಅಮ್ಮ ಕೂಡ ನಕ್ಕಳು. ಆಗ ನಾನು ಬಾಯಿ ಹಾಕಿದೆ: "ಅವನು ಹೇಳೋದು ಸುಳ್ಳು. ನೀನು ಉಜ್ಜಿ ಉಜ್ಜಿ ಹೋಗಿದ್ದೂ ಸುಳ್ಳೇ ಅಪ್ಪ." ಬಾಗಿಲು ಬಿದ್ದದ್ದು ಆ ಮಾತಿಗೆ. ಅದನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಸೋಫಾದ ಮೇಲೆ ನಿನ್ನ ಹೊಟ್ಟು ಕಂಡಾಗ ನನಗೂ ಒಂದು ಕ್ಷಣ ಅಸಹ್ಯವಾಗುತ್ತದೆ. ಆಗುವುದಿಲ್ಲ ಎಂದರೆ ನಾನೂ ಸುಳ್ಳು ಬರೆದ ಆ ಕೋಣೆಯವರ ಸಾಲಿಗೆ ಸೇರುತ್ತೇನೆ. ಆದರೆ ಕೊಡವಿದರೆ ಅದು ಹೋಗುತ್ತದೆ. ಒಬ್ಬ ಮನುಷ್ಯನ ಉರಿಯನ್ನು ಗಾಳಿಯಲ್ಲಿ ಅಳೆದು ಮುಗಿಸುತ್ತಾರಲ್ಲ, ಆ ಹೇಸಿಗೆ ಯಾವ ಪೊರಕೆಗೂ ಹೋಗುವುದಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ, ನಾಡಿದ್ದು ಬಾ. ದಿನವೂ ಹಚ್ಚುವ ಮುಲಾಮು ಹಚ್ಚಿಕೋ, ದಿನವೂ ಮಾಡದ್ದು ಯಾವುದೂ ಬೇಡ. ಎದ್ದ ಹಾಗೆ ಬಾ. ಎಲ್ಲಿ ಉರಿಯುತ್ತದೆ, ಎಷ್ಟು ಹೊತ್ತು ಉರಿಯುತ್ತದೆ ಎಂದು ನೀನೇ ಹೇಳು. ದೂರು ಹೇಳಿದ ಹಾಗಾಗುತ್ತದೆ ಎಂದು ನಾಚಬೇಡ. ಕಾವಲಿನವನು ಕಂಡದ್ದನ್ನು ಕಂಡ ಹಾಗೆ ವರದಿ ಮಾಡಬೇಕು ಎಂದು ನನಗೆ ಕಲಿಸಿದವನು ನೀನು. ಅವರು ಮತ್ತೆ ಒಣ ಚರ್ಮ ಎಂದೇ ಬರೆದರೂ ಬರೆದಾರು. ಆಗ ಸುಳ್ಳು ಪೂರ್ತಿ ಅವರದೇ ಆಗಿರುತ್ತದೆ, ನಮ್ಮ ಪಾಲು ಅದರಲ್ಲಿ ಇರುವುದಿಲ್ಲ.

ನಾವು ಹಗಲು ಬಸ್ಸಿನಲ್ಲೇ ಹೋಗೋಣ. ನೀನು ಅರ್ಧತೋಳಿನ ಅಂಗಿ ಹಾಕಿಕೊಂಡು ಕಿಟಕಿ ಪಕ್ಕ ಕೂರು. ಎದುರು ಸೀಟಿನವರು ಎದ್ದು ಹೋದರೆ ಹೋಗಲಿ, ನಮಗೆ ಕಾಲು ಚಾಚಲು ಜಾಗವಾಯಿತು.

ಮಕ್ಕಳು ಹೆತ್ತವರನ್ನು ಹರಸಬಾರದಂತೆ. ನಾನು ಯಾವ ಮಾತು ಕೇಳಿದವಳು? ನಿನ್ನ ಮೈ ತಂಪಾಗಲಿ, ಅಪ್ಪ.

ನಿನ್ನ
ಮೊಂಡಿ