ನುಣ್ಣಗಾದ ಚಟ್ನಿ

ರಶ್ಮಿತಾ,

ಹರಿಹರಕ್ಕೆ ನಿನ್ನ ನಾದಿನಿ ಸ್ನೇಹಾಳ ಮನೆಗೆ ಹೊರಟಿದ್ದೇನೆ, ಸಂಜೆ ಬರುತ್ತೇನೆ. ಹಾಲು ಕಾಯಿಸಿಟ್ಟಿದ್ದೇನೆ. ಆರಿದ ಮೇಲೆ ಮುಚ್ಚಿಡು, ಬೆಕ್ಕು ಸುತ್ತುತ್ತಿದೆ.

ಈ ವಾರವೆಲ್ಲ ನಮ್ಮ ಮನೆಯ ಚಟ್ನಿ ಗಂಧ ತೇಯ್ದಷ್ಟು ನುಣ್ಣಗಿದೆ. ಮಿಕ್ಸಿ ಹಾಕಿಕೊಂಡು, ಅದರ ಸದ್ದಿನ ಮರೆಯಲ್ಲಿ ನೀನು ಹಾಡಿಕೊಳ್ಳುವುದು ನನಗೆ ಗೊತ್ತಾಗಿದೆ. ವಯಸ್ಸಾಗಿರುವುದು ನನಗೆ, ನನ್ನ ಕಿವಿಗೆ ಆಗಿಲ್ಲ.

ಕಳೆದ ವರ್ಷ ನಿಟ್ಟುವಳ್ಳಿಯ ಮಹಿಳಾ ಸಂಘದಲ್ಲಿ ನಿರ್ಮಲಮ್ಮ, "ಸ್ವಂತ ಹಾಡು ಯಾಕ ಬೇಕಿತ್ತವ್ವ, ಇದ್ದವು ಸಾಲ್ದೇನು?" ಅಂದರು. ಅವತ್ತಿನಿಂದ ಈ ವಾರದವರೆಗೆ ನೀನು ಒಂದು ಸಾಲೂ ಬರೆದಿರಲಿಲ್ಲ. ನಿನ್ನೆ ಆ ಮಿಕ್ಸಿಯ ಗದ್ದಲದಲ್ಲೇ ನಿನ್ನ ಹೊಸ ಹಾಡಿನ ಕೊನೆಯ ನುಡಿ ಕೂಡಿಬಂತು. ಪೇಪರ್ ಕೆಳಗಿಟ್ಟು ಕೇಳಿದೆ. ಅಷ್ಟು ಚೆನ್ನಾಗಿ ಮುಗಿಯುವ ಹಾಡುಗಳನ್ನು ನಾನು ಹೆಚ್ಚು ಕೇಳಿಲ್ಲ.

ಇವತ್ತು ಸಂಘದಲ್ಲಿ ನೀನು ಹಾಡಬೇಕಾದ ದಿನ, ಗಂಟಲು ಸರಿಯಿಲ್ಲ ಎಂದು ಫೋನ್ ಮಾಡಬೇಡ. ನಿರ್ಮಲಮ್ಮ ಮತ್ತೆ ಏನಾದರೂ ಅಂದೇ ಅನ್ನುತ್ತಾರೆ. ನಿನ್ನ ಉಪ್ಪಿಟ್ಟಿಗೂ ಅನ್ನುತ್ತಾರೆ, ಅಂದುಕೊಂಡೇ ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ.

ಮಧ್ಯಾಹ್ನಕ್ಕೆ ಚಟ್ನಿ ಬೇಕಾದರೆ ಒರಳಲ್ಲಿ ರುಬ್ಬಿಕೋ, ಹಾಡಿದರೆ ಆಚೆ ಮನೆಗೂ ಕೇಳಿಸುತ್ತದೆ. ಮಿಕ್ಸಿಯನ್ನು ರಿಪೇರಿಗೆಂದು ಹರಿಹರಕ್ಕೆ ಒಯ್ದಿದ್ದೇನೆ. ಅದಕ್ಕೇನೂ ಆಗಿಲ್ಲ.

ಮಾವ