ಗಿರಣಿಯ ಫೋನು ಸುಮ್ಮನಾದ ದಿನ

ಅಜ್ಜಂಪುರ
೧೨ ಏಪ್ರಿಲ್ ೨೦೨೫, ಶನಿವಾರ

ನಮ್ಮೋರಿಗೆ,

ನಿಮ್ಮ ತ್ರಿವೇಣಿಯ ಜೈಭೀಮ್. ಲಡಾಖಿನ ಚಳಿಗೆ ನಿಮ್ಮ ಕೈ ಬಿರಿಯುತ್ತಿದ್ದದ್ದು ವಾಸಿಯಾಯಿತೇ? ನಾನು ಕಳಿಸಿದ ಕೊಬ್ಬರಿ ಎಣ್ಣೆ ಅಲ್ಲಿ ಕಲ್ಲಾಗಿರುತ್ತದೆ, ಒಲೆಯ ಹತ್ತಿರ ಇಟ್ಟು ಕರಗಿಸಿಕೊಳ್ಳಿ. ರಸ್ತೆ ಕೆಲಸದ ಕ್ಯಾಂಪಿನಲ್ಲಿ ಅನ್ನ ಬೇಯುವುದೇ ಇಲ್ಲ ಎಂದಿದ್ದಿರಿ, ಈಗಲಾದರೂ ಸರಿಯಾಗಿ ಊಟ ಮಾಡುತ್ತಿದ್ದೀರಾ? ನೀವು ಕೆಳಗಿಳಿದು ಬಂದು ಫೋನ್ ಮಾಡುವುದು ಯಾವಾಗಲೋ, ಅದಕ್ಕೇ ಬರೆಯುತ್ತಿದ್ದೇನೆ. ಫೋನ್ ಸಿಕ್ಕಿದ್ದರೂ ಇದನ್ನೆಲ್ಲ ನನ್ನ ಬಾಯಿಂದ ಹೇಳಲು ಆಗುತ್ತಿರಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಮಾವ ಬದುಕಿದ್ದಾರೆ. ಹೀಗೆ ಶುರು ಮಾಡಿದರೆ ನಿಮ್ಮ ಎದೆ ಧಸಕ್ಕೆನ್ನುತ್ತದೆ ಎಂದು ಗೊತ್ತು. ಆದರೆ ಭಾನುವಾರದಿಂದ ನನ್ನ ತಲೆಯಲ್ಲಿ ಬೇರೆ ಮಾತೇ ಇಲ್ಲ.

ನಮ್ಮ ಹಿಟ್ಟಿನ ಗಿರಣಿಯಲ್ಲಿ ಹಳೆಯ ಫೋನೊಂದನ್ನು ಚಾರ್ಜರಿಗೆ ಸಿಕ್ಕಿಸಿಟ್ಟಿದ್ದೆನಲ್ಲ. ಚಾರ್ಜ್ ಆಗುತ್ತಿದ್ದರೆ ಕರೆಂಟ್ ಇದೆ ಎಂದರ್ಥ, ಆ ಸುದ್ದಿ ಎಲ್ಲರ ಫೋನಿಗೂ ಹೋಗಿ ಪರದೆ ಹಸಿರಾಗುತ್ತಿತ್ತು, ಇಲ್ಲದಿದ್ದರೆ ಕೆಂಪು. ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕಿ ಬಂದ ಮೇಲೆ ಕೂತು ನನ್ನ ಹೆಂಡತಿಯೇ ಬರೆದ ಪ್ರೋಗ್ರಾಂ ಎಂದು ನೀವು ಕ್ಯಾಂಪಿಗೆಲ್ಲ ಹೇಳಿಕೊಂಡು ತಿರುಗಿದವರು! ಜನ ರಾಗಿ ಡಬ್ಬ ಹೊತ್ತು ಬಂದು ಕಾಯುವುದು ತಪ್ಪಿತ್ತು. ಮಾವನಂತೂ ಬಂದವರಿಗೆಲ್ಲ ತೋರಿಸುತ್ತಿದ್ದರು, ‘ನಮ್ ಸೊಸೆ ಮಾಡಿರದು ಕಣ್ರೀ.’

ಭಾನುವಾರ ಅಂಗಡಿಗೆ ರಜೆ, ನಾನು ಗಿರಣಿಯ ಮೆಟ್ಟಿಲ ಮೇಲೆ ಕೂತಿದ್ದೆ. ಮೋಟಾರು ನಿಂತಿತ್ತು. ಸ್ಟಾರ್ಟರಿನ ತಂತಿಯೊಂದು ಸಡಿಲವಾಗಿದೆ ಎಂದು ಮಾವ ಮುಚ್ಚಳ ಬಿಚ್ಚಿದ್ದರು. ಟೆಸ್ಟರ್ ಇಟ್ಟು ನೋಡದೆ ಎಂದೂ ಮುಟ್ಟದ ಮನುಷ್ಯ ಅವತ್ತು ಒಳಗಿನಿಂದಲೇ ಕೇಳಿದರು, ‘ಕರೆಂಟ್ ಐತೇನವ್ವಾ?’ ನಾನು ಕೈಯಲ್ಲಿದ್ದ ಫೋನ್ ನೋಡಿದೆ, ಕೆಂಪು. ‘ಇಲ್ಲ ಮಾವ’ ಅಂದೆ. ನೋಡಿ, ನಾನೇ ಅಂದೆ. ಮರುಗಳಿಗೆ ಒಂದು ಸದ್ದು, ಕೂಗೂ ಅಲ್ಲ, ನರಳಿಕೆಯೂ ಅಲ್ಲ, ಇನ್ನೂ ನನ್ನ ಕಿವಿಯಲ್ಲಿದೆ. ಮಾವನ ಕೈ ತಂತಿಗೆ ಅಂಟಿಕೊಂಡು ಮೈಯೆಲ್ಲ ನಡುಗುತ್ತಿತ್ತು. ನಾನು ಎದ್ದು ನಿಂತೆ, ಅಷ್ಟೇ. ಕಾಲು ಮುಂದಕ್ಕೆ ಹೋಗಲಿಲ್ಲ. ಫೋನ್ ಮಾತ್ರ ಇನ್ನೂ ಕರೆಂಟ್ ಇಲ್ಲ ಎನ್ನುತ್ತಿತ್ತು. ಜೋಳ ಬೀಸಿಸಲು ಬಂದಿದ್ದ ಸಾವಿತ್ರಮ್ಮ ಕಾಳು ತಳ್ಳುವ ಮರದ ಕೋಲಿನಿಂದ ಅವರ ಕೈಗೆ ಬಲವಾಗಿ ಹೊಡೆದು ಬಿಡಿಸಿ, ಓಡಿಹೋಗಿ ಮೇನ್ ಸ್ವಿಚ್ ಇಳಿಸಿದರು. ಆಕೆ ಇಲ್ಲದಿದ್ದರೆ ಈ ಕಾಗದವನ್ನು ಹೇಗೆ ಬರೆಯುತ್ತಿದ್ದೆನೋ ಯೋಚಿಸಲೂ ಆಗುವುದಿಲ್ಲ.

ಆಟೋದಲ್ಲಿ ತರೀಕೆರೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದಾರಿಯಲ್ಲೇ ಕಣ್ಣು ಬಿಟ್ಟರು. ಹೇಗಾಯಿತು ಎಂದು ಡಾಕ್ಟರ್ ಕೇಳಿದಾಗ ನನ್ನ ಕಡೆ ತಿರುಗಿಯೂ ನೋಡದೆ, ‘ನಾನೇ ನೋಡ್ಕಳ್ದೆ ಕೈ ಹಾಕ್ಬಿಟ್ಟೆ ಸಾರ್’ ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಲ ಅಂಗೈ ಸುಟ್ಟಿದೆ, ಎರಡು ಬೆರಳು ಇನ್ನೂ ಮಡಚಲು ಬರುವುದಿಲ್ಲ. ಎದೆಗೆ ಏನೂ ಆಗಿಲ್ಲವೆಂದು ಪರೀಕ್ಷೆ ಮಾಡಿ ಮನೆಗೆ ಕಳಿಸಿದ್ದಾರೆ. ‘ಸುರೇಶಂಗೆ ತಿಳಿಸ್ಬೇಡ ಕಣವ್ವಾ, ಬೆಟ್ಟದ್ ಮೇಲೆ ಒಬ್ನೇ ಕೂತ್ಕಂಡು ಕೊರಗ್ತಾನೆ’ ಎಂದು ಆಣೆ ಹಾಕಿಸಿಕೊಂಡಿದ್ದಾರೆ. ಆಣೆ ಮುರಿದು ಬರೆಯುತ್ತಿದ್ದೇನೆ.

ಆಸ್ಪತ್ರೆಯಿಂದ ಬಂದು ಪ್ರೋಗ್ರಾಂ ತೆರೆದು ನೋಡಿದೆ. ಹುಡುಕುವುದೇನೂ ಇರಲಿಲ್ಲ. ಸ್ವಲ್ಪ ಹೊತ್ತು ಸುದ್ದಿ ಬರದಿದ್ದರೆ ಕರೆಂಟ್ ಇಲ್ಲವೆಂದು ತೋರಿಸು ಎಂದು ನಾನೇ ಬರೆದಿದ್ದೆ. ಗಿರಣಿಯ ಫೋನು ಈ ಬಿಸಿಲಿಗೆ ಕಾದು ತಾನೇ ಆಫ್ ಆಗಿತ್ತು, ಕರೆಂಟ್ ಹೋಗಿಯೇ ಇರಲಿಲ್ಲ. ಅತ್ತೆ ಮೂರು ದಿನ ನನ್ನೊಡನೆ ಮಾತಾಡಲಿಲ್ಲ, ತಟ್ಟೆಗೆ ಮುದ್ದೆ ಇಟ್ಟು ಎದ್ದು ಹೋಗುತ್ತಿದ್ದರು. ಬುಧವಾರ ತಾವೇ ಬಂದು ಎದುರಿಗೆ ಕೂತು, ‘ಅದ್ರಾಗೆ ಏನ್ ತಪ್ಪಾಗಿತ್ತು, ನಂಗೂ ಹೇಳು’ ಅಂದರು. ಹೇಳಿದೆ. ಕೇಳಿಸಿಕೊಂಡು, ‘ಅಲ್ಲ ಕಣೇ, ನಮ್ ಸುರೇಶ ಫೋನ್ ಮಾಡ್ಲಿಲ್ಲ ಅಂದ್ರೆ ಅವ್ನೇ ಇಲ್ಲ ಅನ್ಕಂತೀವಾ?’ ಅಂದುಬಿಟ್ಟರು. ಆಮೇಲೆ ನಾವಿಬ್ಬರೂ ಒಟ್ಟಿಗೇ ಅತ್ತೆವು. ಈಗ ಅತ್ತೆ ಮಾತಾಡುತ್ತಾರೆ. ಪ್ರೋಗ್ರಾಮನ್ನು ಮನೆಮನೆಗೆ ಹೋಗಿ ಎಲ್ಲರ ಫೋನಿಂದಲೂ ತೆಗೆಸಿದೆ. ‘ಚೆನ್ನಾಗಿತ್ತಲ್ಲ, ಯಾಕೆ?’ ಅಂದವರಿಗೆಲ್ಲ ನಡೆದದ್ದು ನಡೆದಂತೆ ಹೇಳಿದೆ.

ಸೋಮವಾರ ಬಾಬಾಸಾಹೇಬರ ಜಯಂತಿ. ಮಾವ ಎಡಗೈಯಲ್ಲೇ ಗಡ್ಡ ಹೆರೆದುಕೊಳ್ಳುವುದನ್ನು ಅಭ್ಯಾಸ ಮಾಡುತ್ತಿದ್ದಾರೆ, ಬಿಳಿ ಅಂಗಿಗೆ ಇಸ್ತ್ರಿ ಮಾಡಿಸಿಡಲು ಹೇಳಿದ್ದಾರೆ. ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ಒಳಗೆ ಇಟ್ಟುಕೊಳ್ಳದೆ ಬೈದು ಬರೆಯಿರಿ. ಮೈ ಬೆಚ್ಚಗಿಟ್ಟುಕೊಳ್ಳಿ. ಮಾವ ಅತ್ತೆಯರ ಆಶೀರ್ವಾದ ನಿಮಗಿದೆ.

ನಿಮ್ಮ,
ತ್ರಿವೇಣಿ

ತಾ.ಕ.: ರೀ, ಲಕೋಟೆಗೆ ಗೋಂದು ಹಚ್ಚುವಾಗ ನೆನಪಾಗಿ ಕಾಗದವನ್ನು ಮತ್ತೆ ಹೊರತೆಗೆದೆ. ದೀಪಾವಳಿಗೆ ಬಂದಾಗ ಅದೇ ಪ್ರೋಗ್ರಾಮನ್ನು, ಕ್ಯಾಂಪಿನೊಳಗಿನ ವೈಫೈನಲ್ಲೇ ನಡೆಯುವ ಹಾಗೆ, ನಿಮ್ಮ ಜನರೇಟರಿಗೆ ಬೇಕು ಎಂದು ಹಾಕಿಸಿಕೊಂಡು ಹೋದಿರಲ್ಲ! ಊರನ್ನೆಲ್ಲ ಸುತ್ತಿದೆ, ನಿಮ್ಮನ್ನೇ ಮರೆತೆ. ಅದು ಕೆಂಪು ತೋರಿಸಿದರೆ ನಂಬಬೇಡಿ, ಏನನ್ನೂ ಮುಟ್ಟಬೇಡಿ. ಈಗಲೇ ಅಳಿಸಿಹಾಕಿ. ನಿಮ್ಮ ಆಫೀಸಿಗೆ ಫೋನ್ ಮಾಡಿದೆ, ಹೇಳಿ ಕಳಿಸುತ್ತೇವೆ ಅಂದರು. ಅವರ ಮಾತು ಸಾಲದು. ‘ತೆಗ್ದೆ ಕಣೇ’ ಅಂತ ನಿಮ್ಮ ದನಿಯಲ್ಲೇ ಕೇಳಬೇಕು.