ಚಮನಸಾಬರ ಜಾಗ

೧೪ ಏಪ್ರಿಲ್ ೧೯೭೯, ಸಿಂದಗಿ

ಇಂದೂ ಚಮನಸಾಬರ ದನಿ ಬರಲಿಲ್ಲ. ವರ್ಷಗಟ್ಟಲೆ ಸಂಜೆ ತಪ್ಪದೆ ಇಂಗಳೇಶ್ವರದಿಂದ ಹವ್ಯಾಸಿಗಳು ತಮ್ಮತಮ್ಮಲ್ಲೇ ಮಾತಾಡುವ ಹ್ಯಾಮ್ ರೇಡಿಯೋದಲ್ಲಿ ಮಾತಿಗೆ ಸಿಗುತ್ತಿದ್ದವರು.

ಕೆಟ್ಟುಹೋದ ಕ್ಯಾಲ್ಕುಲೇಟರೊಂದರ ಕೆಂಪು ಅಂಕಿಗಳನ್ನು ಮೊನ್ನೆ ನನ್ನ ಸೆಟ್ಟಿಗೆ ಜೋಡಿಸಿದೆ. ಯಾವ ಫ್ರೀಕ್ವೆನ್ಸಿ, ಅಂದರೆ ಗಾಳಿಯಲ್ಲಿ ಯಾರ ದನಿ ಯಾವ ಜಾಗದಲ್ಲಿದೆ ಎಂಬುದನ್ನು ಅವು ಬರೆದಂತೆ ತೋರಿಸುತ್ತವೆ. ಆ ಹುರುಪಿನಲ್ಲಿ, ರೇಡಿಯೋ ಗೆಳೆಯರೆಲ್ಲರೂ ಕೇಳುತ್ತಿರುವಾಗಲೇ, "ಸಾಬರ, ನೀವು ಜಾಗಾ ಬಿಟ್ಟು ಸರಿಯಾಕತ್ತೀರಿ" ಎಂದು ಮತ್ತೆ ಮತ್ತೆ ಹೇಳಿದೆ.

"ಮನ್ಯಾಗ ಮಾಡಿದ ಸೆಟ್ ಐತ್ರಿ. ಬಿಸಿ ಆದ್ರ ಸರೀತೈತಿ," ಎಂದವರು ಸೆಟ್ ಆರಿಸಿದರು.

ಊಟಕ್ಕೆ ಕರೆಯಲು ಬಂದ ಹೆಂಡತಿ ಕಸ್ತೂರೆವ್ವ, "ಇಷ್ಟ ದಿನಾ ನೀವ ಗುಂಡಿ ತಿರುವಿ ಅವರ ಹಿಂದ ಹೋಗತಿದ್ರೆಲ್ಲ?" ಎಂದಳು. ಹೌದು. ಅದು ಕೈಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಅಂಕಿಗಳ ಮೇಲೆ ಟವೆಲ್ ಹಾಕಿ ಗುಂಡಿ ತಿರುವುತ್ತಲೇ ಇದ್ದೇನೆ. ಬರೀ ಗೊರಗೊರ. ಬಟ್ಟೆಯೊಳಗಿಂದ ಕೆಂಪು ಕಾಣುತ್ತಿದೆ. ಯಾರೂ ಇಲ್ಲದ ಜಾಗವನ್ನೂ ಅದು ಪಕ್ಕಾ ತೋರಿಸುತ್ತದೆ.